ಒಬ್ಬರನ್ನೂ ಉಳಿಸೋಕಾಗದ ಹ್ಯಾನಾ ಸೆನೆಶ್‌ಗೆ ಯಾಕಿಷ್ಟು ಹೆಸರು?

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದಲ್ಲಿ ಪ್ಯಾರಾಶೂಟ್ ಕಟ್ಕೊಂಡು ನಾಜಿಗಳ ಜಾಗಕ್ಕೆ ಜಿಗಿದ ಯಹೂದಿ ಹುಡುಗಿ ಹ್ಯಾನಾ ಸೆನೆಶ್ ಬಗ್ಗೆ ಓದಿದೆ. ಹಂಗೇರಿ ಗಡಿ ದಾಟಿದ ಕೂಡ್ಲೇ ಸಿಕ್ಕಿಬಿದ್ಲು, ಒಬ್ಬರನ್ನೂ ಉಳಿಸ್ಲಿಲ್ಲ, ಕೊನೆಗೆ ಗುಂಡಿಟ್ಟು ಕೊಂದ್ರು. ಹಾಗಾದ್ರೆ ಇದು ಫೇಲ್ ಆದ ಮಿಷನ್ ಅಲ್ವಾ? ಬ್ರಿಟಿಷರು ಸುಮ್ನೆ ಬಲಿ ಕೊಟ್ರಾ? ತಾಯಿ ಮಗಳು ಇಬ್ರೂ ಒಂದೇ ಜೈಲಲ್ಲಿದ್ರು ಅಂತಾರಲ್ಲ, ಅದು ನಿಜಾನಾ ಅಥವಾ ಆಮೇಲೆ ಕಟ್ಟಿದ ಕತೆನಾ?

ಉತ್ತರ:

ಹೌದು, ಫೇಲ್ ಆಯ್ತು. ಸುತ್ತಿ ಬಳಸಿ ಹೇಳೋದೇನೂ ಇಲ್ಲ ಅದ್ರಲ್ಲಿ. ಬುಡಾಪೆಸ್ಟ್ ತಲುಪಿ ಅಲ್ಲಿನ ಯಹೂದಿಗಳಿಗೆ ಏನಾದ್ರೂ ದಾರಿ ಮಾಡ್ಬೇಕು ಅಂತ ಹೊರಟವಳು ಬುಡಾಪೆಸ್ಟ್ ತಲುಪಿದ್ದು ಕೈದಿಯಾಗಿ. ನಾನು ಈ ಯುದ್ಧದ ಪಾಠ ಮಾಡೋಕೆ ಶುರು ಮಾಡಿ ಇಪ್ಪತ್ತು ವರ್ಷ ಆಗ್ತಾ ಬಂತು, ಹೆಚ್ಚುಕಮ್ಮಿ ಪ್ರತಿ ಬ್ಯಾಚಲ್ಲೂ ಒಬ್ರಾದ್ರೂ ಇದೇ ಪ್ರಶ್ನೆ ಕೇಳ್ತಾರೆ, ಕೇಳೋರೇ ಚೆನ್ನಾಗಿ ಓದೋರು ಅನ್ನೋದು ನನ್ನ ಅನುಭವ. ಆದ್ರೆ ಒಂದು ವಿಷ್ಯ. ಎಲ್ರೂ ಮಾತಾಡೋದು ಆ ಪ್ಯಾರಾಶೂಟ್ ಬಗ್ಗೆ. ನನಗೆ ಆ ಜಿಗಿತ ಅಷ್ಟು ಮುಖ್ಯ ಅನ್ಸಲ್ಲ, ಜಿಗಿದಿದ್ದು ಆರ್ಡರ್ ಪ್ರಕಾರ, ಟ್ರೈನಿಂಗ್ ಆದೋರೆಲ್ಲ ಜಿಗೀತಾರೆ. ಜಿಗಿದು ಮೂರು ತಿಂಗಳಾದ ಮೇಲೆ ನಡ್ಕೊಂಡು ಗಡಿ ದಾಟಿದ್ಲಲ್ಲ, ಅದನ್ನ ನೋಡ್ಬೇಕು, ಮತ್ತೆ ಸಿಕ್ಕಿಬಿದ್ದ ಮೇಲೆ ಏನು ಹೇಳ್ಲಿಲ್ಲ ಅನ್ನೋದನ್ನ ನೋಡ್ಬೇಕು. ಅಲ್ಲಿಗೆ ಬರ್ತೀನಿ, ಸ್ವಲ್ಪ ಹಿಂದಿನಿಂದ ಹೇಳ್ತೀನಿ ಇರಿ.

ಹುಟ್ಟಿದ್ದು 1921 ಜುಲೈ 17, ಬುಡಾಪೆಸ್ಟಲ್ಲಿ. ಮನೇಲಿ ಕರೀತಿದ್ದದ್ದು ಅನಿಕೊ ಅಂತ. ಅಪ್ಪ ಬೇಲಾ ಸೆನೆಶ್ ಪತ್ರಕರ್ತ, ನಾಟಕಕಾರ, ಊರಲ್ಲಿ ಒಳ್ಳೆ ಹೆಸರಿದ್ದೋರು, ಮಗಳಿಗೆ ಆರು ವರ್ಷ ತುಂಬೋ ಮುಂಚೆಯೇ 1927ರಲ್ಲಿ ತೀರ್ಕೊಂಡ್ರು. ಅಮ್ಮ ಕಟಲಿನ್, ಒಂದು ವರ್ಷ ದೊಡ್ಡೋನು ಅಣ್ಣ ಜಾರ್ಜ್, ಹಂಗೇರಿಯವ್ರು ಡ್ಯೋರ್ಡ್ ಅಂತಾರೆ. ಮನೆ ಹೇಗಿತ್ತು ಅಂದ್ರೆ ಯಹೂದಿ ಅನ್ನೋದು ಬರೀ ರಿಜಿಸ್ಟರ್‌ನಲ್ಲಿ, ಬಾಕಿ ಮಾತು ಸಾಹಿತ್ಯ ಥಿಯೇಟರ್ ಎಲ್ಲ ಹಂಗೇರಿಯನ್. ಹದಿಮೂರನೇ ವಯಸ್ಸಿಗೆ ಡೈರಿ ಬರೆಯೋಕೆ ಶುರು ಮಾಡಿದ್ಲು, ಅದು ಉಳ್ಕೊಂಡಿದೆ, ನಮಗೆ ಇವಳ ಬಗ್ಗೆ ಇಷ್ಟು ಗೊತ್ತಿರೋದಕ್ಕೆ ಮುಖ್ಯ ಕಾರಣ ಅದೇ.

ಸ್ಕೂಲಿನ ವಿಷ್ಯ ಒಂದು ಹೇಳ್ಬೇಕು. ಅಮ್ಮ ಇವಳನ್ನ ಸೇರಿಸಿದ್ದು ಒಂದು ಪ್ರಾಟೆಸ್ಟೆಂಟ್ ಹೆಣ್ಮಕ್ಕಳ ಶಾಲೆಗೆ. ಅಲ್ಲಿ ಫೀಸು ಹೇಗಿತ್ತು ಗೊತ್ತಾ, ಪ್ರಾಟೆಸ್ಟೆಂಟ್ ಮಕ್ಕಳಿಗೆ ಒಂದು, ಕ್ಯಾಥೊಲಿಕ್ ಮಕ್ಕಳಿಗೆ ಅದರ ಎರಡರಷ್ಟು, ಯಹೂದಿ ಮಕ್ಕಳಿಗೆ ಮೂರರಷ್ಟು. ಹುಡುಗಿ ಕ್ಲಾಸಿಗೇ ಮುಂದು, ಅಮ್ಮ ಹೋಗಿ ಜಗಳ ಆಡಿದ್ರು, ಕೊನೆಗೆ ಶಾಲೆಯೋರು ದೊಡ್ಡ ಮನಸ್ಸು ಮಾಡಿ ಕ್ಯಾಥೊಲಿಕ್ ರೇಟಿಗೆ ಇಳಿಸಿದ್ರು. ನಗಬೇಕೋ ಅಳಬೇಕೋ ಗೊತ್ತಾಗಲ್ಲ ಇಂಥದ್ದಕ್ಕೆ. ಆಮೇಲೆ 1937ರಲ್ಲಿ ಶಾಲೆಯ ಸಾಹಿತ್ಯ ಸಂಘಕ್ಕೆ ಪದಾಧಿಕಾರಿಯಾಗಿ ಗೆದ್ಲು, ಗೆದ್ದ ಮೇಲೆ ಹೇಳಿದ್ರು, ಯಹೂದಿ ಆ ಜಾಗದಲ್ಲಿ ಕೂರೋ ಹಾಗಿಲ್ಲ ಅಂತ. ಮರುವರ್ಷ 1938ರಲ್ಲಿ ಹಂಗೇರಿ ಸರ್ಕಾರದ ಮೊದಲ ಯಹೂದಿ ವಿರೋಧಿ ಕಾನೂನು ಬಂತು, ಯಾವ್ಯಾವ ಕೆಲಸದಲ್ಲಿ ಶೇಕಡಾ ಎಷ್ಟು ಯಹೂದಿಗಳಿರಬಹುದು ಅಂತ ಲೆಕ್ಕ ಹಾಕಿ. ಅದೇ ವರ್ಷ ಅಕ್ಟೋಬರ್ 27ಕ್ಕೆ ಡೈರಿಯಲ್ಲಿ ತಾನೀಗ ಜಿಯೋನಿಸ್ಟ್ ಆಗಿದೀನಿ ಅಂತ ಬರೆದಿದಾಳೆ, ಅಂದ್ರೆ ಯಹೂದಿಗಳಿಗೆ ಪ್ಯಾಲೆಸ್ತೀನಲ್ಲಿ ಒಂದು ನೆಲೆ ಬೇಕು ಅನ್ನೋ ಪಂಗಡ. ಹೀಬ್ರೂ ಕಲಿಯೋಕೆ ಕೂತ್ಲು.

1939 ಸೆಪ್ಟೆಂಬರ್, ಅತ್ತ ಪೋಲೆಂಡಲ್ಲಿ ಯುದ್ಧ ಶುರುವಾಗಿದೆ, ಇತ್ತ ಹದಿನೆಂಟು ವರ್ಷದ ಹುಡುಗಿ ಒಬ್ಬಳೇ ಪ್ಯಾಲೆಸ್ತೀನಿಗೆ ಹೊರಟ್ಲು. ಆಗ ಅದು ಬ್ರಿಟಿಷರ ಕೈಲಿತ್ತು. ನಹಲಾಲ್ ಅನ್ನೋ ಊರಲ್ಲಿ ಹೆಣ್ಮಕ್ಕಳಿಗೆ ಅಂತಾನೇ ಇದ್ದ ಕೃಷಿ ಶಾಲೆ, ಎರಡು ವರ್ಷ ಅಲ್ಲಿ. ನಾಟಕಕಾರನ ಮಗಳು, ಪಿಯಾನೋ ಇದ್ದ ಮನೆಗಳ ಪೈಕಿ ಬೆಳೆದೋಳು, ಇಲ್ಲಿ ಸಗಣಿ ಬಾಚೋದು ಕಲಿತ್ಲು. 1941ರಲ್ಲಿ ಸ್ದೋತ್ ಯಾಮ್ ಅನ್ನೋ ಹೊಸ ಕಿಬ್ಬುಟ್ಸಿಗೆ ಸೇರ್ಕೊಂಡ್ಲು, ಕಿಬ್ಬುಟ್ಸ್ ಅಂದ್ರೆ ಎಲ್ಲ ಸಮಪಾಲಾಗಿ ದುಡಿದು ಹಂಚ್ಕೊಂಡು ಬದುಕೋ ಊರು. ಜಾಗ ಸೀಸರಿಯಾ, ಸಮುದ್ರದ ದಡ, ಹೈಫಾದಿಂದ ದಕ್ಷಿಣಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಹೈಫಾ ಅಂದ್ರೆ ನಮಗೆ ನೆನಪಾಗ್ಬೇಕು, 1918ರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಕುದುರೆ ಮೇಲೆ ನುಗ್ಗಿ ತುರ್ಕರ ಕೈಯಿಂದ ಬಿಡಿಸಿದ್ದು ಅದೇ ಹೈಫಾ. ಇರಲಿ. ಕಿಬ್ಬುಟ್ಸಲ್ಲಿ ಅಡುಗೆಮನೆ, ಬಟ್ಟೆ ಒಗೆಯೋದು, ಇಂಥವೇ ಕೆಲಸ, ಡೈರಿಯಲ್ಲಿ ಬೇಸರ ಮಾಡ್ಕೊಂಡಿದಾಳೆ, ಒಂಟಿತನ ಬರೆದಿದಾಳೆ. 1942 ನವೆಂಬರ್‌ನಲ್ಲಿ ಸಮುದ್ರ ತೀರದಲ್ಲಿ ನಡೀತಾ ಹೊಳೆದ ಒಂದು ಪುಟ್ಟ ಪ್ರಾರ್ಥನೆ ಥರದ ಪದ್ಯ ಬರೆದ್ಲು, ಮರಳು, ಕಡಲು, ನೀರಿನ ಸದ್ದು, ಮನುಷ್ಯನ ಪ್ರಾರ್ಥನೆ ಇವೆಲ್ಲ ಮುಗಿಯದೇ ಇರಲಿ ಅನ್ನೋ ಅರ್ಥದ್ದು. ಇವತ್ತು ಇಸ್ರೇಲಲ್ಲಿ ಅದು ಹಾಡಾಗಿ ಪ್ರತಿಯೊಬ್ರಿಗೂ ಬಾಯಿಪಾಠ.

ಈಗ ಮಿಷನ್ ವಿಷ್ಯ. 1943 ಜನವರಿ 8ರ ಡೈರಿ ಪುಟದಲ್ಲಿ ಇದೆ, ಇದ್ದಕ್ಕಿದ್ದ ಹಾಗೆ ಹಂಗೇರಿಗೆ ಹೋಗ್ಬೇಕು ಅನ್ಸಿತು, ಅಲ್ಲಿನ ಹುಡುಗ್ರು ಹೊರಗೆ ಬರೋಕೆ ಸಹಾಯ ಮಾಡ್ಬೇಕು, ಹಾಗೇ ಅಮ್ಮನನ್ನೂ ಕರ್ಕೊಂಡು ಬರ್ಬೇಕು ಅಂತ. ಈ ಕೊನೆ ಮಾತನ್ನ ಗಮನಿಸಿ. ದೇಶ ಜನಾಂಗ ಎಲ್ಲ ಸರಿ, ಜೊತೆಗೆ ಅಮ್ಮ. ಯಾರೂ ಇನ್ನೂ ಅವಳನ್ನ ಕೇಳಿರ್ಲಿಲ್ಲ, ಪ್ಲಾನ್ ಇರೋದೇ ಅವಳಿಗೆ ಗೊತ್ತಿರ್ಲಿಲ್ಲ. ಸ್ವಲ್ಪ ದಿನಕ್ಕೇ ಹಗನಾ ಅನ್ನೋ ಯಹೂದಿ ಭೂಗತ ಸೇನೆಯೋರು ಇಂಥದ್ದೇ ಕೆಲಸಕ್ಕೆ ಜನ ಹುಡುಕ್ತಿದಾರೆ ಅಂತ ಗೊತ್ತಾಯ್ತು.

ಬ್ರಿಟಿಷರು ಬಲಿ ಕೊಟ್ರಾ ಅಂದ್ರಲ್ಲ, ಇಲ್ಲಿ ಲೆಕ್ಕಾಚಾರ ಎರಡೂ ಕಡೆ ಇತ್ತು. ಬ್ರಿಟಿಷರಿಗೆ ಯಹೂದಿಗಳನ್ನ ಉಳಿಸೋ ಉದ್ದೇಶ ಮುಖ್ಯವಾಗಿರ್ಲಿಲ್ಲ, 1939ರಲ್ಲಿ ಐದು ವರ್ಷಕ್ಕೆ ಬರೀ 75 ಸಾವಿರ ಯಹೂದಿಗಳಿಗೆ ಪ್ಯಾಲೆಸ್ತೀನ್ ಬಾಗಿಲು ಅಂತ ಶ್ವೇತಪತ್ರ ಹೊರಡಿಸಿದೋರೇ ಅವರು. ಅವರಿಗೆ ಬೇಕಿದ್ದದ್ದು ಬೇರೆ. ಬಾಲ್ಕನ್ ದೇಶಗಳ ಮೇಲೆ ಬಾಂಬ್ ಹಾಕೋಕೆ ಹೋದ ವಿಮಾನಗಳು ಉರುಳಿ ಬೀಳ್ತಿದ್ವು, ರುಮೇನಿಯಾದ ಎಣ್ಣೆ ಬಾವಿಗಳ ಕಡೆ ಹೋದವಂತೂ ಸಾಲುಸಾಲಾಗಿ, ಪ್ಯಾರಾಶೂಟಲ್ಲಿ ಇಳಿದ ಪೈಲಟ್‌ಗಳನ್ನ ಹುಡುಕಿ ಬಚ್ಚಿಟ್ಟು ಗಡಿ ದಾಟಿಸೋಕೆ ಒಳಗೆ ಜನ ಬೇಕು. ಅಂಥ ಜನಕ್ಕೆ ಆ ಊರಿನ ಭಾಷೆ ಹುಟ್ಟಿನಿಂದ ಬಂದಿರ್ಬೇಕು, ಆ ದೇಶದೋರ ಥರ ನಡ್ಕೋಬೇಕು, ನಾಜಿಗಳ ಪರ ತಿರುಗೋ ಚಾನ್ಸೇ ಇರಬಾರ್ದು. ಪ್ಯಾಲೆಸ್ತೀನಿನ ಹೊಸ ಯಹೂದಿಗಳಿಗಿಂತ ಸರಿಯಾದೋರು ಎಲ್ಲಿ ಸಿಗ್ತಾರೆ ಹೇಳಿ. ಯಹೂದಿ ನಾಯಕರ ಲೆಕ್ಕ ಏನಪ್ಪಾ ಅಂದ್ರೆ, ಬ್ರಿಟಿಷರ ಕೆಲಸ ಮಾಡ್ಕೊಡೋಣ, ಅದೇ ವಿಮಾನ ಅದೇ ವೈರ್‌ಲೆಸ್ ಬಳಸ್ಕೊಂಡು ಒಳಗೆ ಸಿಕ್ಕಿಹಾಕ್ಕೊಂಡಿರೋ ನಮ್ಮೋರನ್ನ ತಲುಪೋಣ. ಅಂದ್ರೆ ಒಬ್ಬೊಬ್ರ ಹೆಗಲ ಮೇಲೂ ಎರಡೆರಡು ಕೆಲಸ. ನಾವು ಒಪ್ಪಂದದಲ್ಲಿ ಮೋಸ ಹೋದ್ವಿ ಅನ್ನೋ ಹಾಗಿರ್ಲಿಲ್ಲ, ಇಬ್ರಿಗೂ ಇನ್ನೊಬ್ರ ಮನಸಲ್ಲಿ ಏನಿದೆ ಅಂತ ಗೊತ್ತಿತ್ತು.

ಸುಮಾರು 250 ಜನ ಮುಂದೆ ಬಂದ್ರು, 110 ಜನಕ್ಕೆ ಟ್ರೈನಿಂಗ್ ಆಯ್ತು, ಕೊನೆಗೆ ಹೋಗಿದ್ದು 37 ಜನ, ಅದ್ರಲ್ಲಿ 32 ಜನ ಪ್ಯಾರಾಶೂಟಲ್ಲಿ, ಐದು ಜನ ಬೇರೆ ದಾರಿಯಲ್ಲಿ. ಸಿಕ್ಕಿಬಿದ್ದೋರು ಹನ್ನೆರಡು, ಸತ್ತೋರು ಏಳು. ಯಹೂದಿ ನಾಯಕರು ನೂರಾರು ಜನರನ್ನ ಕಳ್ಸಿ ಅಂತ ಕೇಳಿದ್ರು, ಬ್ರಿಟಿಷರು ಅಷ್ಟೊಂದು ಟ್ರೈನಿಂಗ್ ಆದ ಯಹೂದಿ ಸೈನಿಕರು ನಾಳೆ ನಮ್ಮ ಮೇಲೇ ತಿರುಗಿಬಿದ್ರೆ ಏನ್ ಗತಿ ಅಂತ ಹಿಂದೇಟು ಹಾಕಿದ್ರು. ನನ್ನ ಕೇಳಿದ್ರೆ ಬ್ರಿಟಿಷರ ಮೇಲೆ ಹೊರಿಸಬೇಕಾದ ತಪ್ಪು ಇದು, ಇವಳನ್ನ ಕಳ್ಸಿದ್ದಲ್ಲ. ಇಷ್ಟು ಕಮ್ಮಿ ಜನರನ್ನ, ಇಷ್ಟು ಲೇಟಾಗಿ ಕಳ್ಸಿದ್ದು.

ಹ್ಯಾನಾ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿದ್ಲು, ರ‍್ಯಾಂಕ್ ಅಂದ್ರೆ ಕಟ್ಟಕಡೆಯದು. ರಮಾತ್ ಡೇವಿಡ್ ಏರ್‌ಫೀಲ್ಡಲ್ಲಿ ಜಿಗಿಯೋದು ಕಲಿತ್ಲು, ವೈರ್‌ಲೆಸ್ ಕಲಿತ್ಲು. ಇನ್ನೇನು ಈಜಿಪ್ಟಿಗೆ ಹೊರಡ್ಬೇಕು, 1944 ಫೆಬ್ರವರಿ, ಅಷ್ಟರಲ್ಲಿ ಎಷ್ಟೋ ವರ್ಷದಿಂದ ನೋಡದ ಅಣ್ಣ ಜಾರ್ಜ್ ಯುರೋಪಿಂದ ತಪ್ಪಿಸ್ಕೊಂಡು ಪ್ಯಾಲೆಸ್ತೀನಿಗೆ ಬಂದಿಳಿದ. ಅಣ್ಣತಂಗಿ ಟೆಲ್ ಅವೀವಲ್ಲಿ ಸ್ವಲ್ಪ ಹೊತ್ತು ಜೊತೆಗಿದ್ರು ಅಷ್ಟೇ, ಎಲ್ಲಿಗೆ ಹೋಗ್ತಿದೀನಿ ಅಂತ ಬಾಯಿಬಿಡೋ ಹಾಗಿಲ್ಲ, ಒಂದು ಕಾಗದ ಬರೆದಿಟ್ಟು ಹೋದ್ಲು.

ಮಾರ್ಚ್ ಮಧ್ಯದಲ್ಲಿ, 13-14ರ ರಾತ್ರಿ, ಇಟಲಿಯಿಂದ ಹಾರಿದ ವಿಮಾನದಿಂದ ಯುಗೊಸ್ಲಾವಿಯಾದ ಕಾಡುಗುಡ್ಡಗಳಿಗೆ ಜಿಗಿದ್ರು, ರುವೆನ್ ದಫ್ನಿ ಮತ್ತೆ ಇನ್ನಿಬ್ರು ಮೂವರು ಜೊತೆಗೆ. ಅಲ್ಲಿ ಟಿಟೋ ಅನ್ನೋ ನಾಯಕನ ಪಾರ್ಟಿಸಾನ್ ಗೆರಿಲ್ಲಾಗಳು ಜರ್ಮನ್ನರ ಜೊತೆ ಹೊಡೆದಾಡ್ತಿದ್ರು, ಅವ್ರ ನೆರವಿಂದ ಹಂಗೇರಿ ಗಡಿ ದಾಟೋದು ಅಂತ ಪ್ಲಾನ್. ಐದೇ ದಿನ. ಮಾರ್ಚ್ 19ಕ್ಕೆ ಹಿಟ್ಲರನ ಸೈನ್ಯ ಹಂಗೇರಿಗೆ ನುಗ್ಗಿ ಕೂತ್ಕೊಂಡ್ತು. ಅಲ್ಲಿ ತನಕ ಹಂಗೇರಿ ಜರ್ಮನಿಯ ಮಿತ್ರದೇಶ, ಕೆಟ್ಟ ಕಾನೂನುಗಳಿದ್ವು, ಬಲವಂತದ ದುಡಿಮೆಗೆ ಕಳ್ಸಿ ಸಾವಿರಾರು ಜನರನ್ನ ಸಾಯ್ಸಿದ್ರು, ಆದ್ರೂ ಏಳೆಂಟು ಲಕ್ಷ ಯಹೂದಿಗಳು ಇನ್ನೂ ಜೀವಂತ ಇದ್ರು, ಯುರೋಪಲ್ಲಿ ಉಳಿದಿದ್ದ ದೊಡ್ಡ ಗುಂಪು ಅಂದ್ರೆ ಅದೇ. ಸುದ್ದಿ ಬಂದಾಗ ಹ್ಯಾನಾ ಅತ್ಬಿಟ್ಲು, ಜೊತೆಗಿದ್ದೋರು ಅವಳು ಅತ್ತಿದ್ದನ್ನ ನೋಡಿದ್ದು ಆವತ್ತೇ.

ಈಗ ನಾನು ಮೊದಲು ಹೇಳಿದ ಜಾಗಕ್ಕೆ ಬಂದೆ ನೋಡಿ. ಇಲ್ಲಿಗೆ ಇವಳ ಆರ್ಡರ್‌ನ ಅರ್ಥವೇ ಬದಲಾಗೋಯ್ತು. ಬರೀ ಜರ್ಮನಿಯ ಮಿತ್ರದೇಶ ಆಗಿದ್ದ ಹಂಗೇರಿಯ ಗಡಿ ದಾಟೋದು ಒಂದು, ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ತುಂಬ್ಕೊಂಡಿರೋ ದೇಶಕ್ಕೆ ವೈರ್‌ಲೆಸ್ ಹೊತ್ಕೊಂಡು ಹೋಗೋದು ಇನ್ನೊಂದು. ಸುತ್ತ ಇದ್ದೋರು ತಡಿ, ಈಗ ಹೋದ್ರೆ ಸತ್ತಂಗೇ ಅಂದ್ರು. ಅಲ್ಲೇ ಪಾರ್ಟಿಸಾನ್‌ಗಳ ಜೊತೆ ಉಳಿದು, ಪೈಲಟ್‌ಗಳಿಗೆ ಸಹಾಯ ಮಾಡ್ಕೊಂಡು, ಯುದ್ಧ ಮುಗಿದ ಮೇಲೆ ಮೆಡಲ್ ಹಾಕ್ಕೊಂಡು ವಾಪಸ್ ಬಂದಿದ್ರೆ ಯಾರೂ ಒಂದು ಮಾತು ಅಂತಿರ್ಲಿಲ್ಲ. ಹಾಗೆ ಉಳಿದೋರೂ ಇದಾರೆ, ಅದ್ರಲ್ಲಿ ತಪ್ಪೇನಿಲ್ಲ. ಸುರಿಕಾ ಬ್ರೇವರ್‌ಮನ್ ಅಂತ ಇನ್ನೊಬ್ಬ ಹೆಣ್ಮಗಳು ಇದೇ ತಂಡದಲ್ಲಿ, ಟ್ರೈನಿಂಗಲ್ಲಿ ಜಿಗಿಯೋಕೆ ಆಗ್ಲಿಲ್ಲ, ಭಯ, ಅವಳನ್ನ ವಿಮಾನದಲ್ಲೇ ಇಳಿಸಿದ್ರು, ಯುಗೊಸ್ಲಾವಿಯಾದಲ್ಲಿ ಪಾರ್ಟಿಸಾನ್‌ಗಳ ಜೊತೆ ಇದ್ದು ಬದುಕಿ ಬಂದ್ಲು, ತುಂಬ ವರ್ಷ ಬಾಳಿದ್ಲು. ಹ್ಯಾನಾ ಮಾತ್ರ ಕೂರೋಕೆ ತಯಾರಿರ್ಲಿಲ್ಲ. ಒಂದೊಂದು ದಿನ ತಡ ಆದ್ರೂ ಅಲ್ಲಿ ಏನಾಗ್ತಿದೆ ಅನ್ನೋದು ಅವಳ ತಲೆ ತಿಂತಿತ್ತು.

ಅಲ್ಲಿ ಏನಾಗ್ತಿತ್ತು ಅಂದ್ರೆ, ಮೇ 15ರಿಂದ ರೈಲು ಶುರು. ಹಂಗೇರಿಯ ಪೊಲೀಸರೇ, ಜೆಂಡಾರ್ಮ್ ಅಂತಾರೆ ಅವರನ್ನ, ಹಳ್ಳಿಹಳ್ಳಿಯಿಂದ ಯಹೂದಿಗಳನ್ನ ಒಟ್ಟುಹಾಕಿ ದನದ ಬೋಗಿಗೆ ತುಂಬಿ ಆಶ್ವಿಟ್ಜ್ ಅನ್ನೋ ನಾಜಿಗಳ ಸಾವಿನ ಶಿಬಿರದ ಕಡೆ ಕಳ್ಸ್ತಿದ್ರು. ಜುಲೈ 9ರ ತನಕ, ಎಂಟು ವಾರದೊಳಗೆ, 4,37,000ಕ್ಕೂ ಹೆಚ್ಚು ಜನ. ಹ್ಯಾನಾ ಗಡಿ ದಾಟೋ ಹೊತ್ತಿಗೆ, ಜೂನ್ 7ಕ್ಕೆ ಲೆಕ್ಕ ಹಾಕಿದ್ರೆ, ಆಗ್ಲೇ ಸುಮಾರು 2,89,000 ಜನ ಹೋಗಿ ಆಗಿತ್ತು. ಅದಕ್ಕೇ ಹೇಳಿದ್ದು, ಸಿಕ್ಕಿಬೀಳದೇ ಬುಡಾಪೆಸ್ಟ್ ತಲುಪಿದ್ರೂ ಒಂದು ವೈರ್‌ಲೆಸ್ ಇಟ್ಕೊಂಡಿರೋ ಒಬ್ಬ ಹುಡುಗಿ ಈ ರೈಲುಗಳನ್ನ ನಿಲ್ಲಿಸ್ತಿದ್ಲು ಅಂತ ನಾನು ಯಾವ ಕ್ಲಾಸಲ್ಲೂ ಹೇಳಲ್ಲ, ನಿಲ್ಲಿಸೋಕೆ ಆಗ್ತಿರ್ಲಿಲ್ಲ.

ಹೊರಡೋ ಮುಂಚೆ ದಫ್ನಿ ಕೈಗೆ ಒಂದು ಚೀಟಿ ಕೊಟ್ಲು. ಅದ್ರಲ್ಲಿ ನಾಲ್ಕು ಸಾಲಿನ ಪದ್ಯ, ಕಾಡಲ್ಲಿದ್ದಾಗ ಮೇ ತಿಂಗಳಲ್ಲಿ ಬರೆದದ್ದು, ತಾನು ಉರಿದುಹೋಗಿ ಬೇರೆ ಜ್ವಾಲೆ ಹತ್ತಿಸೋ ಬೆಂಕಿಕಡ್ಡಿಯ ಬಗ್ಗೆ. ಇಸ್ರೇಲಲ್ಲಿ ಇದನ್ನ ಎಷ್ಟು ಬಳಸಿದಾರೆ ಅಂದ್ರೆ ಈಗ ಓದಿದ್ರೆ ಸ್ಮಾರಕದ ಮೇಲೆ ಕೆತ್ತೋಕೆ ಅಂತಾನೇ ಬರೆದ ಹಾಗಿದೆ ಅನ್ಸತ್ತೆ, ಅವಳು ಬರೆದದ್ದು ಮಾತ್ರ ಸಿಕ್ಕಿದ ಕಾಗದದ ಮೇಲೆ, ಗಡಿ ಹತ್ರ.

ಗಡಿ ದಾಟಿದ ಸ್ವಲ್ಪ ಹೊತ್ತಿಗೇ ಜೆಂಡಾರ್ಮ್‌ಗಳ ಕೈಗೆ ಸಿಕ್ಕಿದ್ರು. ಜೊತೆಗಿದ್ದ ಹುಡುಗರಲ್ಲಿ ಒಬ್ಬ ಗಾಬರಿಯಲ್ಲಿ ತಾನೇ ಗುಂಡು ಹೊಡ್ಕೊಂಡ, ಅಲ್ಲಿಂದ ಮುಂದೆ ಎಲ್ಲ ಕೈತಪ್ತು, ಸುತ್ತಮುತ್ತ ಹುಡುಕಿದ್ರು, ಬ್ರಿಟಿಷ್ ಮಿಲಿಟರಿ ಟ್ರಾನ್ಸ್‌ಮಿಟರ್ ಸಿಕ್ತು. ಮೂರು ದಿನ ಹೊಡೆದ್ರು, ಅಂಗಾಲಿಗೆ ಚಾಟಿಯಿಂದ ಹೊಡೆಯೋದು ಅವರ ಪದ್ಧತಿ. ಒಂದು ಹಲ್ಲು ಹೋಯ್ತು. ಅವರಿಗೆ ಬೇಕಿದ್ದದ್ದು ಒಂದೇ, ವೈರ್‌ಲೆಸ್ ಮೆಸೇಜಿನ ಗುಪ್ತ ಕೋಡ್.

ಇದು ಯಾಕೆ ಅಷ್ಟು ಮುಖ್ಯ ಅನ್ನೋದು ಕತೆ ಹೇಳೋರು ಸಾಮಾನ್ಯ ಬಿಡಿಸಿ ಹೇಳಲ್ಲ. ಟ್ರಾನ್ಸ್‌ಮಿಟರ್ ಸಿಕ್ಕಿದ ಮೇಲೆ ಕೋಡ್ ಒಂದು ಸಿಕ್ಬಿಟ್ರೆ ಶತ್ರು ಅವಳ ಹೆಸರಲ್ಲೇ ಕೂತು ಮೆಸೇಜ್ ಕಳಿಸ್ಬಹುದು. ನಾನು ಸೇಫಾಗಿದೀನಿ, ಇನ್ನಿಬ್ಬರನ್ನ ಕಳ್ಸಿ, ಇಂಥ ಗದ್ದೇಲಿ ಇಂಥ ರಾತ್ರಿ ಸಾಮಾನು ಹಾಕಿ ಅಂತ. ಆ ಕಡೆಯೋರು ನಂಬಿ ಕಳಿಸ್ತಾರೆ, ಇಲ್ಲಿ ಗೆಸ್ಟಾಪೊ ಕಾಯ್ತಾ ನಿಂತಿರತ್ತೆ. ಇದು ಊಹೆ ಅಲ್ಲ, ಹಾಲೆಂಡಲ್ಲಿ 1942ರಿಂದ ಜರ್ಮನ್ನರು ಇದನ್ನೇ ಮಾಡಿ ಐವತ್ತಕ್ಕೂ ಹೆಚ್ಚು ಏಜೆಂಟರನ್ನ ಒಬ್ಬೊಬ್ಬರನ್ನಾಗಿ ಕೈಗೆ ಇಳಿಸ್ಕೊಂಡ್ರು, ಅವರಲ್ಲಿ ಹೆಚ್ಚಿನೋರು ಸತ್ರು. ಫ್ರಾನ್ಸಲ್ಲೂ ಹಾಗೇ ಆಯ್ತು. ನಮ್ಮ ಕಡೆಯೋರಿಗೆ ನೂರ್ ಇನಾಯತ್ ಖಾನ್ ಹೆಸರು ಗೊತ್ತಿರತ್ತೆ, ಟಿಪ್ಪು ಸುಲ್ತಾನನ ವಂಶದ ಹೆಣ್ಮಗಳು, ಅವಳೂ ಇದೇ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗದವಳೇ, ಅವಳೂ ವೈರ್‌ಲೆಸ್ ಆಪರೇಟರ್, ಅವಳೂ ಬರಹಗಾರ್ತಿ, ಮಕ್ಕಳ ಕತೆ ಬರೀತಿದ್ಲು. 1943 ಜೂನಲ್ಲಿ ಫ್ರಾನ್ಸಿಗೆ ಹೋದ್ಲು, ಜಿಗಿಯಲಿಲ್ಲ, ಚಿಕ್ಕ ವಿಮಾನದಲ್ಲಿ ಇಳಿಸಿದ್ರು. ಅಕ್ಟೋಬರಲ್ಲಿ ಸಿಕ್ಕಿಬಿದ್ಲು, ಅವಳು ಬಾಯಿಬಿಡ್ಲಿಲ್ಲ, ಆದ್ರೆ ಕಳ್ಸಿದ ಮೆಸೇಜುಗಳ ನಕಲು ಬರೆದಿಟ್ಟಿದ್ದ ಪುಸ್ತಕ ಜರ್ಮನ್ನರಿಗೆ ಸಿಕ್ತು, ಅದನ್ನ ಇಟ್ಕೊಂಡೇ ಅವಳ ವೈರ್‌ಲೆಸ್ಸಲ್ಲಿ ಆಟ ಆಡಿ ಲಂಡನ್‌ನೋರನ್ನ ನಂಬಿಸಿ ಇನ್ನೂ ಕೆಲವರನ್ನ ಬಲೆಗೆ ಕೆಡವಿದ್ರು. 1944 ಸೆಪ್ಟೆಂಬರ್ 13ಕ್ಕೆ ದಹೌ ಅನ್ನೋ ನಾಜಿ ಶಿಬಿರದಲ್ಲಿ ನೂರ್‌ನ ಕೊಂದ್ರು. ಹ್ಯಾನಾ ಹತ್ರ ಕೋಡ್ ತಲೇಲಿತ್ತು, ತಲೆಯಿಂದ ಹೊರಗೆ ಬರ್ಲಿಲ್ಲ. ಅವಳ ಹೆಸರಲ್ಲಿ ಯಾವ ಮೆಸೇಜೂ ಹೋಗ್ಲಿಲ್ಲ, ಅದನ್ನ ನಂಬಿ ಯಾವ ವಿಮಾನವೂ ಬರ್ಲಿಲ್ಲ. ಒಬ್ಬರನ್ನೂ ಉಳಿಸ್ಲಿಲ್ಲ ಅಂತ ನೀವು ಬರೆದಿದೀರಲ್ಲ, ಉಳಿದೋರು ಯಾರು ಅಂತ ಲೆಕ್ಕ ಹಾಕೋಕೆ ಬರದೇ ಇರೋ ಥರದ ಉಳಿಸೋದೂ ಒಂದಿದೆ.

ಹೊಡೆತಕ್ಕೆ ಒಂದು ವಿಷ್ಯ ಮಾತ್ರ ಹೇಳಿದ್ಲು, ತನ್ನ ನಿಜವಾದ ಹೆಸರು. ಅದೇ ಎಡವಟ್ಟಾಯ್ತು. ಹೆಸರು ಸಿಕ್ಕಿದ ಮೇಲೆ ಬುಡಾಪೆಸ್ಟಲ್ಲಿ ಅಮ್ಮ ಇರೋದು ಗೊತ್ತಾಗೋಕೆ ಎಷ್ಟು ಹೊತ್ತು.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ, ನಿಜ, ಕತೆ ಕಟ್ಟಿದ್ದಲ್ಲ, ತಾಯಿಯೇ ಆಮೇಲೆ ಬರೆದಿಟ್ಟಿದಾರೆ. 1944 ಜೂನ್ 17, ಬೆಳಗ್ಗೆ ಕಟಲಿನ್ ಮನೆಗೆ ಮಫ್ತಿಯಲ್ಲಿ ಒಬ್ಬ ಬಂದು ಮಿಲಿಟರಿ ವಿಚಾರಣೆಗೆ ಬರ್ಬೇಕು ಅಂತ ಕರ್ಕೊಂಡು ಹೋದ. ಯಾಕೆ ಅಂತ ಗೊತ್ತಿಲ್ಲ. ಅಲ್ಲಿ ಅಧಿಕಾರಿ ಮಕ್ಕಳ ಬಗ್ಗೆ ಕೇಳ್ತಾ ಹೋದ, ಅದ್ರಲ್ಲೂ ಮಗಳ ಬಗ್ಗೆ, ಯಾಕೆ ದೇಶ ಬಿಟ್ಟು ಹೋದ್ಲು, ಈಗ ಎಲ್ಲಿದಾಳೆ. ಹೈಫಾ ಹತ್ರ ಒಂದು ಹಳ್ಳೀಲಿ ವ್ಯವಸಾಯ ಮಾಡ್ಕೊಂಡಿದಾಳೆ ಅಂದ್ರು ಅಮ್ಮ. ಅವರಿಗೆ ಇದ್ದ ಒಂದೇ ಸಮಾಧಾನ ಅದು, ಏನೇ ಆಗ್ಲಿ ಮಕ್ಕಳಿಬ್ರೂ ದೂರ ಇದಾರಲ್ಲ ಅಂತ. ಅವ್ನು ಅಂದ, ಪಕ್ಕದ ರೂಮಲ್ಲಿದಾಳೆ, ಈಗ ಕರೆಸ್ತೀನಿ, ಗೊತ್ತಿರೋದೆಲ್ಲ ಹೇಳೋಕೆ ಒಪ್ಪಿಸಿ, ಇಲ್ಲಾಂದ್ರೆ ಇದೇ ಕೊನೆ ಸಲ ನೋಡೋದು. ಬಾಗಿಲು ತೆಗೀತು. ನಾಲ್ಕು ಜನ ಗಂಡಸರು ಹಿಡ್ಕೊಂಡು ಒಳಗೆ ತಂದ್ರು. ಕೂದಲು ಕೆದರಿ ಹೋಗಿದೆ, ಕಣ್ಣಿನ ಸುತ್ತ ಕಪ್ಪಾಗಿ ಊದ್ಕೊಂಡಿದೆ, ಬಾಯಲ್ಲಿ ಒಂದು ಹಲ್ಲಿಲ್ಲ. ಅಮ್ಮನಿಗೆ ಒಂದು ಕ್ಷಣ ಇದು ತನ್ನ ಮಗಳು ಅಂತಾನೇ ನಂಬೋಕೆ ಆಗ್ಲಿಲ್ಲ. ಹ್ಯಾನಾ ಹಿಡ್ಕೊಂಡೋರನ್ನ ಕೊಸರಿ ಬಂದು ಅಮ್ಮನ ಕುತ್ತಿಗೆಗೆ ತಬ್ಕೊಂಡು, ಅತ್ತು, ನನ್ನ ಕ್ಷಮಿಸು ಅಮ್ಮ ಅಂದ್ಲು.

ಅಧಿಕಾರಿ ಅಲ್ಲೇ ನಿಂತು ಕಾಯ್ತಿದಾನೆ, ತಾಯಿ ಈಗ ಹೇಳು ಅಂತ ಬೇಡ್ಕೋತಾಳೆ ಅಂತ. ಕಟಲಿನ್ ಬಾಯಿ ತೆಗೀಲಿಲ್ಲ. ಮಗಳು ಏನು ಮಾಡಿದಾಳೆ, ಯಾಕೆ ಬಂದಿದಾಳೆ ಒಂದೂ ಗೊತ್ತಿಲ್ಲ ಆ ಹೆಂಗಸಿಗೆ, ಆದ್ರೆ ಇವಳು ಹೇಳ್ತಿಲ್ಲ ಅಂದ್ರೆ ಅದಕ್ಕೆ ಕಾರಣ ಇರತ್ತೆ ಅನ್ನೋದು ಅರ್ಥ ಆಗಿತ್ತು. ಇಡೀ ಪ್ರಕರಣದಲ್ಲಿ ನನ್ನ ತಲೆಯಲ್ಲಿ ಕೂತಿರೋದು ಈ ರೂಮು. ಮಗಳಿಗೆ ಟ್ರೈನಿಂಗ್ ಕೊಟ್ಟಿದ್ರು, ತಾಯಿಗೆ ಯಾರು ಕೊಟ್ಟಿದ್ರು.

ಅದೇ ದಿನ ತಾಯಿಯನ್ನೂ ಒಳಗೆ ಹಾಕಿದ್ರು. ನಿನ್ನ ಕಣ್ಮುಂದೆ ಅಮ್ಮನನ್ನ ಹಿಂಸೆ ಮಾಡಿ ಕೊಲ್ತೀವಿ ಅಂತ ಹ್ಯಾನಾಗೆ ಹೆದರಿಸಿದ್ರು, ಆಗ್ಲೂ ಕೋಡ್ ಹೇಳ್ಲಿಲ್ಲ. ಸರಿನಾ ತಪ್ಪಾ ಅಂತ ಕೇಳ್ಬೇಡಿ, ಅಮ್ಮನನ್ನ ಕರ್ಕೊಂಡು ಬರ್ಬೇಕು ಅಂತ ಡೈರಿಯಲ್ಲಿ ಬರೆದಿದ್ದ ಹುಡುಗಿ ಇವಳೇ ಅನ್ನೋದನ್ನ ನೆನಪಿಟ್ಕೊಳಿ.

ಜೈಲಲ್ಲಿ ತಾಯಿ ಬೇರೆ ಸೆಲ್, ಮಗಳು ಮೇಲಿನ ಮಹಡಿಯಲ್ಲಿ ಒಂಟಿ ಸೆಲ್. ಕಿಟಕಿ ತುಂಬ ಎತ್ತರದಲ್ಲಿ. ಹ್ಯಾನಾ ಮಂಚದ ಮೇಲೆ ಮೇಜು, ಅದ್ರ ಮೇಲೆ ಕುರ್ಚಿ ಇಟ್ಟು ಹತ್ತಿ ನಿಲ್ತಿದ್ಲು. ಕಾಗದದಲ್ಲಿ ದೊಡ್ಡ ದೊಡ್ಡ ಅಕ್ಷರ ಕತ್ತರಿಸಿ ಒಂದೊಂದೇ ಕಿಟಕಿಗೆ ಹಿಡಿದು ತೋರಿಸೋದು, ಎದುರಿನ ಸೆಲ್‌ಗಳೋರು ಸೇರಿಸಿ ಓದ್ಕೊಳೋದು. ವಿಚಾರಣೆಗೆ ಅಂತ ಹೊರಗೆ ಕರ್ಕೊಂಡು ಹೋದಾಗ ಕಿವಿಗೆ ಬಿದ್ದ ಯುದ್ಧದ ಸುದ್ದಿ, ಬೇರೆ ಕೈದಿಗಳಿಂದ ಕೇಳಿದ್ದು, ಎಲ್ಲ ವಾಪಸ್ ಬಂದು ಹೀಗೇ ಹಂಚ್ತಿದ್ಲು, ಆ ಜೈಲಿಗೆ ಅವಳ ಕಿಟಕಿಯೇ ನ್ಯೂಸ್‌ಪೇಪರ್. ಕಿಟಕಿ ಗಾಜಿನ ಧೂಳಲ್ಲಿ ಆರು ಮೂಲೆಯ ಯಹೂದಿ ನಕ್ಷತ್ರ ಬಿಡಿಸಿದ್ಲು. ಕಾಗದದ ಗೊಂಬೆ ಮಾಡಿ ಜೈಲಲ್ಲಿದ್ದ ಮಕ್ಕಳಿಗೆ, ಅಮ್ಮನಿಗೆ ಕಳ್ಸ್ತಿದ್ಲು. ಎರಡು ವರ್ಷದ ಕಿಬ್ಬುಟ್ಸ್ ಡೈರಿಯಲ್ಲಿ ನನ್ನ ಪ್ರತಿಭೆ ಬಟ್ಟೆ ಒಗೆಯೋದ್ರಲ್ಲಿ ವೇಸ್ಟಾಗ್ತಿದೆಯಾ ಅಂತ ಕೊರಗ್ತಿದ್ದೋಳು ಇಲ್ಲಿ ಒಂದು ಕತ್ತರಿ ಒಂದಷ್ಟು ಕಾಗದದಲ್ಲಿ ಇಡೀ ಜೈಲನ್ನ ಎಚ್ಚರ ಇಟ್ಟಿದ್ಲು.

ಸೆಪ್ಟೆಂಬರಲ್ಲಿ ಬೇರೆ ಜೈಲಿಗೆ ಹಾಕಿದ್ರು, ತಾಯಿ ಬಿಡುಗಡೆ ಆದ್ರು. ಎಲ್ಲ ಸರಿಹೋಗೋ ಲಕ್ಷಣ ಇತ್ತು, ಸೋವಿಯತ್ ಸೈನ್ಯ ಹತ್ರ ಬರ್ತಿತ್ತು, ಹಂಗೇರಿ ಮುಖ್ಯಸ್ಥ ಹೋರ್ತಿ ಯುದ್ಧದಿಂದ ಹೊರಗೆ ಬರೋ ಪ್ರಯತ್ನ ಮಾಡಿದ. ಅಕ್ಟೋಬರ್ 15, ಜರ್ಮನ್ನರು ಅವ್ನನ್ನ ಕೆಳಗಿಳಿಸಿ ಆ್ಯರೋ ಕ್ರಾಸ್ ಅನ್ನೋ ಹಂಗೇರಿಯನ್ ನಾಜಿಗಳನ್ನ ಕೂರಿಸಿದ್ರು. ಅಕ್ಟೋಬರ್ 28ಕ್ಕೆ ಮಿಲಿಟರಿ ಕೋರ್ಟಲ್ಲಿ ಹ್ಯಾನಾ ವಿಚಾರಣೆ. ಆರೋಪ ದೇಶದ್ರೋಹ, ಯಾಕಂದ್ರೆ ಕಾಗದಪತ್ರದ ಪ್ರಕಾರ ಅವಳು ಹಂಗೇರಿ ಪ್ರಜೆ. ಯಾವ ದೇಶ ಸಾಹಿತ್ಯ ಸಂಘದಲ್ಲಿ ಕೂರೋಕೆ ಬಿಡ್ಲಿಲ್ವೋ ಆ ದೇಶಕ್ಕೆ ದ್ರೋಹ. ತೀರ್ಪು ನವೆಂಬರ್ 4ಕ್ಕೆ ಅಂತ ಮುಂದಕ್ಕೆ ಹಾಕಿದ್ರು, ಆವತ್ತೂ ಓದಿ ಹೇಳ್ಲಿಲ್ಲ.

ನವೆಂಬರ್ 7ರ ಬೆಳಗ್ಗೆ ಮಿಲಿಟರಿ ಕೋರ್ಟಿನ ಅಧಿಕಾರಿ ಕ್ಯಾಪ್ಟನ್ ಸಿಮೊನ್ ಸೆಲ್ಲಿಗೆ ಬಂದು ಮರಣದಂಡನೆ ಅಂದ, ಕ್ಷಮಾದಾನ ಕೇಳ್ತೀಯಾ ಅಂದ. ಕೇಳಲ್ಲ ಅಂದ್ಲು. ಮಾರ್ಗಿಟ್ ರಸ್ತೆಯ ಆ ಜೈಲಿನ ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಟೋಕೆ ಬಂದ್ರು, ಬೇಡ ಅಂದ್ಲು. ಇಪ್ಪತ್ಮೂರು ವರ್ಷ. ಅದೇ ಹೊತ್ತಿಗೆ ಅದೇ ಕಟ್ಟಡದಲ್ಲಿ ಅವಳ ತಾಯಿ ಮಗಳನ್ನ ನೋಡೋಕೆ ಪರ್ಮಿಷನ್ ಕೇಳ್ಕೊಂಡು ಇದೇ ಸಿಮೊನ್‌ಗೋಸ್ಕರ ಕಾಯ್ತಾ ಕೂತಿದ್ರು. ಅವ್ನು ವಾಪಸ್ ಬಂದು ಮುಗೀತು ಅಂದ.

ಆಮೇಲೆ ತಾಯಿ ಕೈಗೆ ಸಿಕ್ಕಿದ ಬಟ್ಟೆ ಜೇಬಲ್ಲಿ ಎರಡು ಚೀಟಿ. ಒಂದ್ರಲ್ಲಿ ತಾಯಿಗೆ ಎರಡು ಮೂರು ಸಾಲು, ಲಕ್ಷ ಲಕ್ಷ ಥ್ಯಾಂಕ್ಸ್, ಆದ್ರೆ ಕ್ಷಮಿಸು ಅನ್ನೋ ಅರ್ಥದ್ದು. ಇನ್ನೊಂದು ಜೂನಲ್ಲಿ ಸೆಲ್ಲಿನ ಅಳತೆ ಹೆಜ್ಜೆಯಿಂದ ಎಣಿಸ್ತಾ ಬರೆದ ಪದ್ಯ, ಜೂಜಾಡಿದೆ ಸೋತೆ ಅಂತ ಮುಗಿಯತ್ತೆ. ನೋಡಿ, ಫೇಲ್ ಆಯ್ತು ಅಂತ ನೀವು ನಾನು ಹೇಳೋ ಮುಂಚೆ ಅವಳೇ ಹೇಳ್ಕೊಂಡಿದಾಳೆ.

ತಂಡದ ಬೇರೆಯವ್ರ ಬಗ್ಗೆ ಒಂದು ಮಾತು, ಯಾಕಂದ್ರೆ ಇವಳ ಹೆಸರಿನ ನೆರಳಲ್ಲಿ ಅವರು ಮರೆಯಾಗಿದಾರೆ. ಹವೀವಾ ರೈಕ್ ಸ್ಲೊವಾಕಿಯಾಕ್ಕೆ ಹೋದ್ಲು, ಅಲ್ಲಿ ನಾಜಿಗಳ ವಿರುದ್ಧ ದಂಗೆ ನಡೀತಿದ್ದಾಗ ನಿರಾಶ್ರಿತರಿಗೆ ಗಂಜಿಕೇಂದ್ರ ನಡೆಸಿದ್ಲು, ಪೈಲಟ್‌ಗಳಿಗೆ ಸಹಾಯ ಮಾಡಿದ್ಲು, ಹ್ಯಾನಾ ಸತ್ತ ಎರಡು ವಾರದೊಳಗೆ ಅವಳನ್ನೂ ಕೊಂದ್ರು. ಕೆಲಸದ ಲೆಕ್ಕದಲ್ಲಿ ನೋಡಿದ್ರೆ ಅವಳು ಮಾಡಿದ್ದೇ ಹೆಚ್ಚು, ಡೈರಿ ಪದ್ಯ ಬಿಟ್ಟು ಹೋಗಿರ್ಲಿಲ್ಲ ಅಷ್ಟೇ. ಎಂಜೊ ಸೆರೆನಿ ರೋಮ್‌ನ ದೊಡ್ಡ ಮನೆತನದೋನು, 39 ವರ್ಷ, ಸಂಸಾರಸ್ಥ, ಬೇಡ ಅಂದ್ರೂ ಕೇಳದೇ ಇಟಲಿಗೆ ಜಿಗಿದ, ದಹೌನಲ್ಲಿ ಸತ್ತ. ಯೋಯೆಲ್ ಪಲ್ಗಿ ಮತ್ತೆ ಪೆರೆಟ್ಜ್ ಗೋಲ್ಡ್‌ಸ್ಟೈನ್ ಹ್ಯಾನಾ ಹಿಂದೇನೇ ಹಂಗೇರಿಗೆ ಹೋಗಿ ಬುಡಾಪೆಸ್ಟಲ್ಲಿ ಸಿಕ್ಕಿಬಿದ್ರು. ಪಲ್ಗಿ ರೈಲಿಂದ ಜಿಗಿದು ಬದುಕಿದ, ಗೋಲ್ಡ್‌ಸ್ಟೈನ್ ವಾಪಸ್ ಬರ್ಲಿಲ್ಲ.

ಕಟಲಿನ್ ಕತೆ ಹೇಳಿ ಮುಗಿಸ್ತೀನಿ. ನವೆಂಬರಲ್ಲೇ ಅವರನ್ನೂ ಹಿಡಿದು ಆಸ್ಟ್ರಿಯಾ ಕಡೆ ನಡೆಸ್ಕೊಂಡು ಹೊರಟ ಸಾವಿರಾರು ಜನರ ಸಾಲಲ್ಲಿ ಸೇರಿಸಿದ್ರು, ದಾರೀಲಿ ತಪ್ಪಿಸ್ಕೊಂಡು ಬುಡಾಪೆಸ್ಟಿಗೆ ವಾಪಸ್ ಬಂದು ಅಡಗಿದ್ದು ಬದುಕಿದ್ರು. 1945ರಲ್ಲಿ ಮಗನ ಹತ್ರ ಪ್ಯಾಲೆಸ್ತೀನಿಗೆ ಹೋದ್ರು. 1950ರಲ್ಲಿ ಮಗಳ ಅಸ್ಥಿಯನ್ನ ಬುಡಾಪೆಸ್ಟಿಂದ ತಂದು ಜೆರುಸಲೇಮಿನ ಹರ್ಜಲ್ ಗುಡ್ಡದ ಮಿಲಿಟರಿ ಸ್ಮಶಾನದಲ್ಲಿ ಇಟ್ರು. 1954ರಲ್ಲಿ ಶುರುವಾದ ಕಾಸ್ಟ್ನರ್ ಕೇಸಲ್ಲಿ ಈ ತಾಯಿ ಸಾಕ್ಷಿ ಹೇಳಿದ್ರು, ಬುಡಾಪೆಸ್ಟಲ್ಲಿ ಜರ್ಮನ್ನರ ಜೊತೆ ಮಾತುಕತೆ ನಡೆಸ್ತಿದ್ದ ಯಹೂದಿ ಮುಖಂಡ ಕಾಸ್ಟ್ನರ್, ಜೈಲಲ್ಲಿದ್ದ ಮಗಳಿಗೋಸ್ಕರ ನೋಡೋಕೆ ಹೋದ್ರೂ ಸಿಗ್ಲೇ ಇಲ್ಲ ಅಂತ. ಆ ಕೇಸು ಇಡೀ ಇಸ್ರೇಲನ್ನ ಅಲ್ಲಾಡಿಸ್ತು, ಅದನ್ನ ಬರೆಯೋಕೆ ಕೂತ್ರೆ ಬೇರೆಯದೇ ಉತ್ತರ ಬೇಕು, ಇನ್ನೊಮ್ಮೆ ಕೇಳಿ.

ದೇಶದ್ರೋಹಿ ಅಂತ ಹಾಕಿದ್ದ ಆ ಹಣೆಪಟ್ಟಿಯನ್ನ ಹಂಗೇರಿಯ ಮಿಲಿಟರಿ ಕೋರ್ಟು ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ತೆಗೆದುಹಾಕ್ತು. ನಿರ್ದೋಷಿ ಅನ್ನೋ ಆ ಕಾಗದ ಇಸ್ರೇಲಲ್ಲಿದ್ದ ಮನೆಯೋರ ಕೈ ಸೇರಿದ್ದು 1993 ನವೆಂಬರ್ 5ಕ್ಕೆ. ಕಟಲಿನ್ 1992ರಲ್ಲಿ ತೀರ್ಕೊಂಡಿದ್ರು.